ತೆರೆಯದ ಕತ್ತರಿ

ಕತ್ತರಿ ಮುಚ್ಚುತ್ತಿತ್ತು, ತೆರೆಯುತ್ತಿರಲಿಲ್ಲ. ಮೆಟ್ಟಿಲಿನಿಂದ ಬಿದ್ದು ದರ್ಜಿಯ ಬಲತೋಳು ಮುರಿದಾಗ ಮೂಳೆಯನ್ನು ಬಳಸಿ ಇಳಿಯುವ ನರವೂ ಜಜ್ಜಿಹೋಗಿತ್ತು. ಮೂಳೆ ಕೂಡಿತು, ನರ ಮುನಿಸಿಕೊಂಡೇ ಉಳಿಯಿತು. ಬೆರಳು ಮಡಚುವ ನರ ಬೇರೆ, ಬಿಚ್ಚುವ ನರ ಬೇರೆ ಎಂಬುದು ಜೀವಮಾನವಿಡೀ ಕತ್ತರಿ ಆಡಿಸಿದವನಿಗೆ ಗೊತ್ತಾದದ್ದು ಆಗಲೇ.

ಫಿಸಿಯೋಥೆರಪಿಯ ಹುಡುಗಿ ಮನೆಗೊಂದು ಕರೆಂಟಿನ ಪೆಟ್ಟಿಗೆ ಕೊಟ್ಟಳು. ಮುಂಗೈಗೆ ಒದ್ದೆ ಪ್ಯಾಡ್ ಕಟ್ಟಿ ಗುಂಡಿ ಒತ್ತಿದರೆ ಬೆರಳುಗಳು ಬಿಚ್ಚಿಕೊಳ್ಳುತ್ತಿದ್ದವು.

"ನರ ಬೆಳೆದು ಬರೋವರೆಗೂ ಸ್ನಾಯು ಸೊರಗಬಾರ್ದು, ಅದಕ್ಕೆ ಇದು. ಸ್ವಲ್ಪ ಹೊತ್ತು ಸಾಕು. ಕರೆಂಟು ಹೆಚ್ಚಿಸೋ ತಿರುಪು ಈ ಗೆರೆ ದಾಟಬಾರ್ದು ಅಮ್ಮಾ."

"ನರ ತಡವಾಗಿ ಬಂದ್ರೆ?" ಹೆಂಡತಿ ಕೇಳಿದಳು.

"ಅಷ್ಟೊತ್ತಿಗೆ ಸ್ನಾಯು ಇರಲ್ಲ."

"ಅಂಗಡಿ ಮುಚ್ಚಿದ ಮೇಲೆ ಬರೋ ಗಿರಾಕಿ ಥರ," ಎಂದ ದರ್ಜಿ.

ಉಪಾಯ ಹೊಳೆದದ್ದು ಹೆಂಡತಿಗೆ. "ರೀ, ಊರಿಗೆಲ್ಲ ಕೋಟು ಹೊಲಿದ್ರಿ. ನನಗೆ ಮಾತ್ರ ಮದುವೆಯಾದಾಗಿಂದ 'ಮುಂದಿನ ವಾರ'!" ಟ್ರಂಕಿನಿಂದ ನೀಲಿ ಉಣ್ಣೆಬಟ್ಟೆ ತೆಗೆದಳು. ಕೈ ಜೋತುಬೀಳದಂತೆ ಮಣಿಕಟ್ಟಿಗೆ ಪಟ್ಟಿ ಬಿಗಿದು, ಕತ್ತರಿ ಹಿಡಿಸಿದಳು. ಅವಳು ಗುಂಡಿ ಒತ್ತಿ ತೆರೆಯುವುದು, ಅವನು ಮುಚ್ಚುವುದು.

"ನಾನು ಹೇಳಿದಂಗೆ ನಿಮ್ಮ ಕೈ ಆಡ್ತಿರೋದು ಇದೇ ಮೊದಲು."

"ನೀನು ಹೇಳಿದ್ದಕ್ಕಲ್ಲ ಕಣೇ, ಕರೆಂಟಿಗೆ."

ಕೋಟಿನ ಬೆನ್ನಾಯಿತು, ಎದೆಯಾಯಿತು. ಮೊದಲ ತೋಳಿಗೆ ಬರುವಾಗ ಸ್ನಾಯು ದಣಿದು ಬೆರಳುಗಳು ಅರ್ಧಕ್ಕೇ ನಿಲ್ಲತೊಡಗಿದವು. ಅವಳು ತಿರುಪನ್ನು ಗೆರೆಯಾಚೆ ತಿರುಗಿಸಿದಳು.

"ಉರಿಯುತ್ತಾ?"

"ಏನಿಲ್ಲ, ತಿರುಗಿಸು."

ಅವನು ಸುಳ್ಳು ಹೇಳಲಿಲ್ಲ. ಕೈಗೆ ಅಪ್ಪಣೆ ಒಯ್ಯುತ್ತಿದ್ದ ನರವೇ ಅಲ್ಲಿನ ಉರಿಯ ಸುದ್ದಿಯನ್ನೂ ತರಬೇಕಿತ್ತು. ತೋಳು ಕತ್ತರಿಸಿ ಮುಗಿಸಿ ಪ್ಯಾಡ್ ಬಿಚ್ಚಿದಾಗ ಚರ್ಮವೂ ಅದರೊಂದಿಗೇ ಎದ್ದುಬಂತು.

ಗಾಯ ಮಾಯುವವರೆಗೆ ಪೆಟ್ಟಿಗೆ ಮುಟ್ಟುವಂತಿರಲಿಲ್ಲ. ಮಾಯುವಷ್ಟರಲ್ಲಿ ಮುಂಗೈ ಸೊರಗಿ ಎಲುಬು ಕಾಣುತ್ತಿತ್ತು. ಹುಡುಗಿ ಗುಂಡಿ ಒತ್ತಿದಳು, ಮತ್ತೆ ಒತ್ತಿದಳು. ಬೆರಳು ಅಲುಗಲಿಲ್ಲ.

"ಸುಟ್ಟಿದ್ದರಿಂದಲೇ ಅಂತಲ್ಲ ಅಮ್ಮಾ. ನರ ಬರಲೇ ಇಲ್ಲ," ಎಂದು ಪೆಟ್ಟಿಗೆ ಎತ್ತಿಕೊಂಡು ಹೋದಳು. ಹೆಂಡತಿ ನಂಬಲಿಲ್ಲ. ಬಟ್ಟೆಯನ್ನು ಮಡಚಿ ಟ್ರಂಕಿಗೆ ಹಾಕಹೊರಟಳು.

"ಇನ್ನೊಂದು ತೋಳು ಬಾಕಿ ಇದೆ," ಎಂದ ದರ್ಜಿ. ಎಡಗೈಯಲ್ಲಿ ಸೀಮೆಸುಣ್ಣ ಹಿಡಿದು ಗೆರೆ ಎಳೆದ. "ಕತ್ತರಿ ನೀನು ಹಿಡಿ."

"ನನಗೆಲ್ಲಿ ಬರುತ್ತೆ?"

"ತೆರೆಯೋಕೆ ಬರುತ್ತಲ್ಲ."

ಕಣ್ಣು ಮಂಜಾಗಿದ್ದರಿಂದ ಅವಳ ಕತ್ತರಿ ಗೆರೆ ಬಿಟ್ಟು ಬೆರಳಗಲ ಆಚೆ ಹೋಯಿತು. ಅಂಗಡಿಯಲ್ಲಿ ಯಾರಾದರೂ ಹೀಗೆ ಮಾಡಿದ್ದರೆ ಅವನು ಬೀದಿಗೆ ಕೇಳುವಂತೆ ಬೈಯುತ್ತಿದ್ದ.

"ಸರಿಯಾಗಿದೆ," ಎಂದ. 'ಮುಂದಿನ ವಾರ' ಬಿಟ್ಟರೆ, ಗಿರಾಕಿಗೆ ಅವನು ಹೇಳಿದ ಸುಳ್ಳು ಅದೊಂದೇ.