ಮೊದಲ ಮಳೆಯ ಸೀಸೆ

"ಇದರೊಳಗೆ ಬೆಟ್ಟ ಎಷ್ಟಿರಬಹುದು?"

ಗಂಡ ಬೆಟ್ಟದಿಂದ ತಂದಿದ್ದ ನೀರಿನ ಸೀಸೆಯ ಹೊಟ್ಟೆಗೆ ಕುಂಕುಮವಿಡುತ್ತ ವೆಂಕಟಮ್ಮ ತನ್ನಷ್ಟಕ್ಕೇ ಕೇಳಿದಳು. ಶುಕ್ರವಾರ; ಬೆರಳು ರೂಢಿಯಂತೆ ತಾನೇ ಭರಣಿಗೆ ಹೋಗಿತ್ತು. ಹಲಸೂರಿನ ಆ ಮನೆಯ ನಡುಮನೆಯಲ್ಲಿ ಗಂಡ ಸಂಜೀವಪ್ಪನ ಹೆಣವನ್ನು ಚಾಪೆಯ ಮೇಲೆ ಮಲಗಿಸಿದ್ದರು. ಅಂಗಳದಲ್ಲಿ ಭಜನೆ, ಅದರ ನಡುವೆ ಚಟ್ಟಕ್ಕೆ ಬಿದಿರು ಸೀಳುವ ಸದ್ದು.

"ಕಾಲೇಜಲ್ಲಿ ಕೆಮಿಸ್ಟ್ರಿ ಹೇಳ್ಕೊಡೋನು, ನಂದಿಬೆಟ್ಟಕ್ಕೆ ಸೈಕಲ್ ತುಳೀಬೇಕಿತ್ತಾ?" ಪಕ್ಕದ ಮನೆಯ ಮಾರಕ್ಕ ಮೂಗೊರೆಸಿಕೊಂಡಳು.

"ಇದ್ದಿಲಲ್ಲಿ ಓಡೋ ಬಸ್ಸು ಕೆಟ್ಟು ನಿಂತಿತ್ತಕ್ಕ," ಎಂದ ಅಸ್ಗರ್, ಪ್ರಯೋಗಶಾಲೆಯಲ್ಲಿ ಸಂಜೀವಪ್ಪನ ಜೊತೆಗಾರ. "ಮೊದಲ ಮಳೆಗೆ ಹರಿಯೋ ಹೊಳೆ ನೀರು ನಾಳೆ ಹೋದ್ರೆ ಸಿಗಲ್ಲ ಅಂದ್ರು. ನೆಂದು ಬಂದ್ರು. ಜ್ವರ ಬಿಡ್ಲೇ ಇಲ್ಲ."

"ನೀರಿಗೋಸ್ಕರ! ನಮ್ಮ ಕೆರೇಲಿ ನೀರಿರ್ಲಿಲ್ವೇನಪ್ಪ?"

*

ಹಿಂದೊಂದು ಬೇಸಗೆಯಲ್ಲಿ ಸಂಜೀವಪ್ಪ ಗಾಜಿನ ತುಂಡಿನ ಮೇಲೆ ಎರಡು ಹನಿ ಬಿಟ್ಟು ಬಿಸಿಲಿಗಿಟ್ಟಿದ್ದ. ಒಂದು ನಂದಿಬೆಟ್ಟದಲ್ಲಿ ಪಿನಾಕಿನಿ ಹೊಳೆ ಹುಟ್ಟುವ ಕಡೆಯದು, ಇನ್ನೊಂದು ಬಯಲಿಗಿಳಿದ ಮೇಲಿನದು. ಮೊದಲನೆಯದು ಗುರುತುಳಿಸದೆ ಆರಿತು. ಎರಡನೆಯದು ಬೆಳ್ಳನೆಯ ಸಣ್ಣ ಬಳೆ ಬಿಟ್ಟುಹೋಯಿತು.

"ಇದೇನ್ರೀ?"

"ಬೆಟ್ಟ."

ವೆಂಕಟಮ್ಮ ನಕ್ಕಳು. ಚಿಕ್ಕಂದಿನಿಂದ ಕೇಳಿದ ಪುರಾಣವಾಚನಗಳಲ್ಲೆಲ್ಲ ಬೆಟ್ಟ ಅಲುಗುವುದಿಲ್ಲ.

"ಮಳೆ ಕರಗಿಸುತ್ತೆ, ಮರದ ಬೇರು ಕರಗಿಸುತ್ತೆ, ಹೊಳೆ ಹೊತ್ಕೊಂಡು ಹೋಗುತ್ತೆ. ಮೊದಲ ಮಳೆ ಎಷ್ಟು ಹೊರುತ್ತೆ? ಅದೊಂದು ಗೊತ್ತಾಗ್ಬೇಕು ಕಣೆ."

"ಶಿವ ಕೂತಿರೋ ಬೆಟ್ಟ ಕರಗುತ್ತಾ?"

"ಅದನ್ನೇ ನೋಡ್ತಾ ಕೂತಿರ್ಬೇಕು ಅವನೂ."

ಅಂದಿನಿಂದ ಸೀಸೆಗಳಿಗೆ ಶುಕ್ರವಾರದ ಕುಂಕುಮ. ಅವನು ಬೇಡವೆನ್ನಲಿಲ್ಲ. "ಸೀಸೆ ಬಾಯಿಗೆ ಮಾತ್ರ ಸೋಕಿಸ್ಬೇಡ, ಅದನ್ನೂ ತೂಗ್ಬೇಕಾಗುತ್ತೆ," ಎಂದಿದ್ದ.

*

ಭಾವ ಮುನಿವೆಂಕಟಪ್ಪ ತುಳಸಿ ಹಿಡಿದು ಒಳಬಂದ.

"ತಮ್ಮನ ಬಾಯಿಗೆ ತೀರ್ಥ ಬಿಡ್ಬೇಕು. ಆ ಸೀಸೆ ಕೊಡು ತಾಯಿ. ಅವನೇ ಹೋಗಿ ತಂದ ನದಿ ನೀರು."

ಹೆಂಗಸರು ಹೌದೆಂದರು. ವೆಂಕಟಮ್ಮನಿಗೂ ಹೌದೆನ್ನಿಸಿತು. ಅಸ್ಗರನತ್ತ ನೋಡಿದಳು.

"ನಿಮ್ಮಿಷ್ಟ ಅಕ್ಕ," ಅವನು ತಲೆ ತಗ್ಗಿಸಿದ. "ತೆರೆದ್ರೆ ಲೆಕ್ಕ ಕೆಡುತ್ತೆ. ಮತ್ತೆ ಮೊದಲ ಮಳೆ ಅಂದ್ರೆ ಬರೋ ವರ್ಷ."

ಬರುವ ವರ್ಷ ಬೆಟ್ಟಕ್ಕೆ ಹೋಗುವವರು ಯಾರು? ಅವಳು ಎದ್ದು ಹಿತ್ತಲ ಬಾವಿಯಿಂದ ಒಂದು ತಂಬಿಗೆ ಸೇದಿ ತಂದು ಭಾವನ ಮುಂದಿಟ್ಟಳು.

"ಅವರು ಹುಟ್ಟಿದಾಗಿಂದ ಕುಡಿದದ್ದು ಇದನ್ನೇ."

"ಇದು ಬರೀ ಬಾವಿ ನೀರು! ಅವನಿಗೆ ಸದ್ಗತಿ ಬೇಡ್ವಾ? ಒಂದೇ ಒಂದು ಹನಿ, ತಾಯಿ." ಅವನು ಕೈ ಚಾಚಿದ.

ವೆಂಕಟಮ್ಮ ಸೀಸೆಯನ್ನು ಸೆರಗಿನಲ್ಲಿ ಹಿಡಿದು, ಬಾಯಿಗೆ ಬೆರಳು ತಾಗದಂತೆ, ಅಸ್ಗರನ ಕೈಗಿಟ್ಟಳು. ಬಿಳಿ ಸೆರಗಿನ ಮೇಲೆ ಕುಂಕುಮ ಹತ್ತಿತು.

"ಕೊಡಲ್ಲ, ಭಾವ."