ಮುಟ್ಟಬೇಡ ಎಂದವನು

ಓಹಾಯೋದ ಲೈಮಾ ಊರಿನ ಅಂಚಿನಲ್ಲಿ ಲಾರಿ ಗಾಲಿಗಳ ಆಕ್ಸಲ್ ಮಾಡುವ ಕಾರ್ಖಾನೆಯೊಂದಿತ್ತು. ಎಲ್ಡನ್ ಕ್ರಾಟ್ಜ್ ಅಲ್ಲಿ ಹುಡುಗನಾಗಿ ಸೇರಿ, ಮೇಸ್ತ್ರಿಯಾಗಿ ನಿವೃತ್ತನಾದವನು. ನಡುವೆ ಕಂಪನಿಯವರು ಪಿಂಚಣಿ ನಿಲ್ಲಿಸಿದರು. ಸಂಬಳದಲ್ಲಿ ಹಿಡಿದ ಹಣವನ್ನು ಆಳುಗಳ ಹೆಸರಿನಲ್ಲೇ ಷೇರು ಪೇಟೆಗೆ ಹಾಕುವ ಏರ್ಪಾಡು ಬಂತು. ಎಲ್ಲರೂ ಹೆದರಿದರು. ಎಲ್ಡನ್ ಮಾತ್ರ ನಾಲ್ಕಾರು ಪುಸ್ತಕ ತಂದು ಓದಿ, ಊಟದ ಬಿಡುವಿನಲ್ಲಿ ಎಲ್ಲರಿಗೂ ತಿಳಿಸಿ ಹೇಳತೊಡಗಿದ.

"ಹಾಕಿ, ಮರ್ತುಬಿಡಿ. ಏರ್ತು ಅಂತ ಕುಣೀಬೇಡಿ, ಇಳೀತು ಅಂತ ಅಳಬೇಡಿ. ಮುಟ್ಟಬೇಡಿ, ಅಷ್ಟೇ."

"ಪಾದ್ರಿ ಶುರು ಮಾಡಿದ್ನಪ್ಪ, ಟೋಪಿ ತೆಗೀರೋ" ಎಂದು ಛೇಡಿಸುತ್ತಲೇ ಅವರು ಅವನ ಮಾತು ಕೇಳಿದರು. ಅವರಲ್ಲಿ ಹೆಚ್ಚು ಕೇಳಿದವನು ಲೈಲ್, ಎಲ್ಡನ್‌ನ ಹೆಂಡತಿ ಮಾರ್ಲಿಸ್‌ಳ ತಮ್ಮ. ಅಂಜುಬುರುಕ. ಭಾವ ಹೇಳಿದ್ದೇ ಅವನಿಗೆ ವೇದವಾಕ್ಯ.

ಎಲ್ಡನ್ ನಿವೃತ್ತನಾದ ಮರುವರ್ಷವೇ ಪೇಟೆ ಕುಸಿಯಿತು. ಬ್ಯಾಂಕುಗಳು ಮುಳುಗಿದವು, ಕಾರ್ಖಾನೆ ಅರ್ಧ ಆಳುಗಳನ್ನು ಮನೆಗೆ ಕಳಿಸಿತು. ಲೈಲ್ ಫೋನು ಮಾಡದ ಸಂಜೆಯಿರಲಿಲ್ಲ.

"ಭಾವ, ಮಾರಿಬಿಡ್ಲಾ?"

"ಮುಟ್ಟಬೇಡ ಅಂದ್ನಲ್ಲೋ."

ಹಾಗೆಂದು ಫೋನು ಇಟ್ಟವನೇ ಎಲ್ಡನ್ ಟೀವಿಯ ಮುಂದೆ ಕುಸಿದು ಕೂರುತ್ತಿದ್ದ. ದುಡಿಯುವವನಿಗೆ ಹೇಳುವ ಬುದ್ಧಿಯೇ ಬೇರೆ, ದುಡಿಮೆ ಮುಗಿಸಿದವನ ಎದೆಯೇ ಬೇರೆ ಎಂಬುದು ಯಾವ ಪುಸ್ತಕದಲ್ಲೂ ಅವನ ಕಣ್ಣಿಗೆ ಬಿದ್ದಿರಲಿಲ್ಲ. ಇಟ್ಟದ್ದು ಅರ್ಧಕ್ಕಿಳಿದಿತ್ತು. ಅನ್ನ ಗಂಟಲಿನಲ್ಲಿ ಇಳಿಯದು ಅನ್ನುತ್ತೇವಲ್ಲ, ಹಾಗೆ ಅವನಿಗೆ ಬೆಳಗಿನ ಮೊಟ್ಟೆಯೂ ಇಳಿಯದಾಯಿತು.

ಮಾರ್ಚ್ ತಿಂಗಳ ಒಂದು ಬೆಳಿಗ್ಗೆ, ಮಾರ್ಲಿಸ್ ಶಾಲೆಯ ಅಡುಗೆಮನೆಯ ಕೆಲಸಕ್ಕೆ ಹೋಗಿದ್ದಾಗ, ಅವನು ಹಣ ನೋಡಿಕೊಳ್ಳುವ ಕಂಪನಿಗೆ ಫೋನು ಮಾಡಿದ.

"ಎಲ್ಲಾ ಮಾರಿಬಿಡಿ."

"ಇನ್ನೊಂದು ವಾರ ಯೋಚನೆ ಮಾಡಿ ನೋಡ್ತೀರಾ ಸಾರ್?" ಎಂದಳು ಆ ಕಡೆಯ ಹುಡುಗಿ.

"ಎಲ್ಲಾ ಅಂದೆ" ಎಂದು ಅವನು ಗದರಿದ.

ಅದೇ ಮಧ್ಯಾಹ್ನ ಲೈಲ್ ಬಂದ. ಟೋಪಿಯನ್ನು ಕೈಯಲ್ಲಿ ಹಿಂಡುತ್ತಾ ಬಾಗಿಲಲ್ಲೇ ನಿಂತ. "ಭಾವ, ನಿಜ ಹೇಳು. ನಿಂದು ಹಾಗೇ ಇಟ್ಟಿದೀಯಾ?"

"ಹಾಗೇ ಇದೆ" ಎಂದ ಎಲ್ಡನ್. ಬೇರೆ ಮಾತೇ ಬಾಯಿಗೆ ಬರಲಿಲ್ಲ.

"ಹಾಗಾದ್ರೆ ನಂದೂ ಇರ್ಲಿ" ಎಂದು ಲೈಲ್ ಹಗುರಾಗಿ ಹೊರಟುಹೋದ.

ತಿಂಗಳು ಮುಗಿಯುವುದರೊಳಗೆ ಪೇಟೆ ಏರತೊಡಗಿತು. ಇದು ನಿಲ್ಲದು, ಮತ್ತೆ ಬೀಳುತ್ತದೆ, ಆಗ ಕೊಂಡರಾಯಿತು ಎಂದುಕೊಂಡ ಎಲ್ಡನ್. ಬೀಳಲಿಲ್ಲ. ಏರಿದ ಬೆಲೆಗೆ ಕೊಳ್ಳುವುದೆಂದರೆ ಮಾರಿದ್ದು ತಪ್ಪೆಂದು ತನಗೆ ತಾನೇ ಒಪ್ಪಿಕೊಂಡಂತೆ. ಅದಕ್ಕೂ ಮನಸ್ಸು ಬಾರದು. ಮುಂಜಾನೆ ಟೀವಿ ಹಚ್ಚಿ ಎಲ್ಲಾದರೂ ಕೆಟ್ಟ ಸುದ್ದಿ ಇದೆಯೇ ಎಂದು ಹುಡುಕುವವನಾದ. ಒಂದು ದಿನ ಯಾವುದೋ ದೇಶ ದಿವಾಳಿಯಾಗುವುದರಲ್ಲಿದೆ ಎಂಬ ಸುದ್ದಿ ಕೇಳಿ ಅವನ ಮನಸ್ಸು ಅರಳಿತು. ತಾನು ಹಿಗ್ಗಿದ್ದು ಮರುಕ್ಷಣವೇ ಅವನಿಗೆ ಗೊತ್ತಾಯಿತು. ಎದ್ದು ಹೋಗಿ ಮುಖ ತೊಳೆದುಕೊಂಡ, ಕನ್ನಡಿ ನೋಡಲಿಲ್ಲ.

"ಮನೇಲಿ ಕೂತು ಬೇಜಾರು" ಎಂದು ಹೇಳಿ ಮರದ ಸಾಮಾನಿನ ಅಂಗಡಿಯೊಂದರಲ್ಲಿ ಕೆಲಸಕ್ಕೆ ಸೇರಿದ. ಮಾರ್ಲಿಸ್‌ಳ ಮಂಡಿ ಆಗಲೇ ಕೆಟ್ಟಿತ್ತು. ದಿನವಿಡೀ ಸಿಮೆಂಟು ನೆಲದ ಮೇಲೆ ನಿಂತು ಬಂದು, ಸಂಜೆ ಎರಡೂ ಮಂಡಿಯ ಮೇಲೆ ಐಸಿನ ಚೀಲ ಇಟ್ಟುಕೊಂಡು ಕೂರುತ್ತಿದ್ದಳು.

"ಬಿಟ್ಟುಬಿಡ್ಲಾ ಎಲ್ಡನ್ ಈ ಕೆಲ್ಸಾನ?"

"ಇನ್ನೊಂದು ವರ್ಷ ನೋಡೋಣ ಕಣೇ" ಎನ್ನುತ್ತಿದ್ದ ಅವನು, ಐಸಿನ ಚೀಲ ಸರಿಮಾಡುತ್ತಾ. ಮರುವರ್ಷವೂ ಅದೇ ಮಾತು. ಹಣದ ವಿಷಯ ಗಂಡನಿಗೆ ಗೊತ್ತು ಎಂದು ನಂಬಿದ್ದ ಹೆಂಗಸು ಮರುಮಾತಾಡುತ್ತಿರಲಿಲ್ಲ.

ನಾಲ್ಕು ವರ್ಷ ಕಳೆದು ಲೈಲ್ ನಿವೃತ್ತನಾದ. ಭಾನುವಾರ ಮಧ್ಯಾಹ್ನ ಚರ್ಚಿನ ಹಿಂದಿನ ಸಭಾಂಗಣದಲ್ಲಿ ಊಟ. ಹಳೆಯ ಆಳುಗಳೆಲ್ಲ ಹೆಂಡತಿಯರೊಂದಿಗೆ ಬಂದಿದ್ದರು. ಒಂದೊಂದು ಮನೆಯಿಂದ ಒಂದೊಂದು ಪಾತ್ರೆ ಅಡುಗೆ ಬಂದಿತ್ತು. ಕೇಕು ಕತ್ತರಿಸಿದ ಮೇಲೆ ಲೈಲ್ ಎದ್ದು ನಿಂತ. ಹುಟ್ಟಿದಾಗಿನಿಂದ ನಾಲ್ಕು ಜನರೆದುರು ಮಾತಾಡಿದವನಲ್ಲ.

"ನಾನು ಹೇಡಿ ಅಂತ ನಿಮಗೆಲ್ಲ ಗೊತ್ತು" ಎಂದ. ಎಲ್ಲರೂ ನಕ್ಕರು. "ಆ ಕೆಟ್ಟ ವರ್ಷ ಎಲ್ಲಾ ಮಾರಿಬಿಡೋಣ ಅಂತ ಭಾವನ ಮನೆ ಬಾಗ್ಲಿಗೆ ಹೋಗಿದ್ದೆ. ಈ ಮನುಷ್ಯ ಬಂಡೆ ಥರ ನಿಂತಿದ್ದ. 'ನಂದು ಹಾಗೇ ಇದೆ' ಅಂದ. ಆ ಒಂದು ಮಾತಿಂದ ಇವತ್ತು ನಾನು ಕೆಲಸ ಬಿಡೋ ಹಾಗಾಯ್ತು." ಅವನು ಎಲ್ಡನ್‌ನತ್ತ ತಿರುಗಿದ. "ಎದ್ದು ನಿಲ್ಲು ಭಾವ."

ಕುರ್ಚಿಗಳು ಸರಿದವು, ಚಪ್ಪಾಳೆ ಬಿತ್ತು. "ಪಾದ್ರೀ! ಒಂದು ಉಪದೇಶ ಆಗ್ಲಿ!" ಎಂದು ಯಾರೋ ಕೂಗಿದರು. ಎಲ್ಡನ್ ಎದ್ದ. ಪಕ್ಕದಲ್ಲಿ ಮಾರ್ಲಿಸ್ ಅವನ ತೋಳು ಹಿಡಿದು, ಕಣ್ಣು ತುಂಬಿಕೊಂಡು, ಹೆಮ್ಮೆಯಿಂದ ನೋಡುತ್ತಿದ್ದಳು. ಅವನ ಕಿವಿಗಳು ಕಾದ ಕಬ್ಬಿಣವಾದವು. "ನಾನೇನೂ ಮಾಡ್ಲಿಲ್ಲ" ಎಂದಷ್ಟೇ ಹೇಳಿ ಕೂತ. ಎಂಥ ವಿನಯ ಎಂದು ಜನ ಇನ್ನಷ್ಟು ಚಪ್ಪಾಳೆ ತಟ್ಟಿದರು.

ಕಾರಿನಲ್ಲಿ ಮಾರ್ಲಿಸ್ ಖುಷಿಯಲ್ಲಿದ್ದಳು. "ನಾಳೆ ಹೋಗಿ ಹೇಳಿಬಿಡ್ತೀನಿ, ಈ ವರ್ಷಕ್ಕೆ ಸಾಕು ಅಂತ. ಲೈಲ್ ಕೈಲೇ ಆಗತ್ತೆ ಅಂದ್ಮೇಲೆ ನಮಗೇನು ಧಾಡಿ?"

ಎಲ್ಡನ್ ಕಾರನ್ನು ಜೋಳದ ಹೊಲದ ಪಕ್ಕಕ್ಕೆ ತಿರುಗಿಸಿ ನಿಲ್ಲಿಸಿದ. ಸ್ಟೇರಿಂಗ್ ಹಿಡಿದ ತನ್ನ ಕೈಗಳನ್ನೇ ನೋಡುತ್ತಾ ಎಲ್ಲವನ್ನೂ ಹೇಳಿದ.

ಅವಳು ಕೇಳಿದ್ದು ಹಣದ ಮಾತಲ್ಲ.

"ನನ್ನ ಮಂಡಿಗೆ ಐಸ್ ಇಡ್ತಿದ್ಯಲ್ಲ ಎಲ್ಡನ್. ಆಗೆಲ್ಲ ಇದು ನಿನ್ನ ತಲೇಲಿತ್ತಾ?"

"ಇತ್ತು."

"ಮಾರಿದ್ದಕ್ಕೆ ನಾನು ಬೈತಿರ್ಲಿಲ್ಲ. ಅವತ್ತು ನಾನೂ ಹೆದರಿದ್ದೆ. ನೀನು ಒಂದು ಮಾತು ಅಂದಿದ್ರೆ ಇಬ್ರೂ ಕೂತು ಅಳ್ತಿದ್ವಿ." ಅವಳು ಬಾಗಿಲು ತೆರೆದಳು. "ಇಳಿ. ನಾನು ಓಡಿಸ್ತೀನಿ. ಲೈಲ್‌ಗೆ ನೀನೇ ಹೋಗಿ ಹೇಳು. ಈ ಸುಳ್ಳು ಹೊತ್ಕೊಂಡು ತಿರುಗೋಕೆ ನನ್ನ ಮಂಡೀಲಿ ಶಕ್ತಿಯಿಲ್ಲ."

ಮರುದಿನ ಎಲ್ಡನ್ ಹೋದ. ಲೈಲ್ ಹಿತ್ತಲಲ್ಲಿ ಹುಲ್ಲು ಕತ್ತರಿಸುವ ಯಂತ್ರ ಬಿಚ್ಚಿಕೊಂಡು ಕೂತಿದ್ದ. ಕೇಳುತ್ತಾ ಕೇಳುತ್ತಾ ಅವನ ಕೈ ನಿಂತಿತು.

"ಅವತ್ತು ನೀನು ನಿಜ ಹೇಳಿದ್ರೆ ನಾನೂ ಮಾರ್ತಿದ್ದೆ" ಎಂದ ಕೊನೆಗೆ.

"ಹೌದು."

"ಅಂದ್ರೆ ನಿನ್ನ ಸುಳ್ಳಿಂದ ನಾನು ಉಳಿದೆ. ಇದಕ್ಕೆ ನಿನ್ನ ಬೈಬೇಕೋ, ಕೈ ಮುಗೀಬೇಕೋ?" ಅವನು ಎಣ್ಣೆಗೈಯನ್ನು ಬಟ್ಟೆಗೆ ಒರೆಸಿಕೊಂಡ. "ಎಷ್ಟು ಬೇಕು ಹೇಳು ಭಾವ, ಕೊಡ್ತೀನಿ."

ಅವನು ಕೆನ್ನೆಗೆ ಹೊಡೆದಿದ್ದರೂ ಎಲ್ಡನ್‌ಗೆ ಅಷ್ಟು ನೋಯುತ್ತಿರಲಿಲ್ಲ. ತಲೆಯಲ್ಲಾಡಿಸಿ, ನೆಲ ನೋಡುತ್ತಾ ವಾಪಸ್ಸು ನಡೆದ.

ಆ ಬೇಸಿಗೆಯಲ್ಲಿ ಮಾರ್ಲಿಸ್ ಕೆಲಸ ಬಿಟ್ಟಳು. ದೊಡ್ಡ ಮನೆ ಮಾರಿ ಎರಡು ಕೋಣೆಯ ಮನೆಗೆ ಹೋದರು. ಎಲ್ಡನ್ ಅಂಗಡಿಯ ಕೆಲಸ ಮುಂದುವರಿಸಿದ. ಉಳಿದಿದ್ದ ಹಣದಲ್ಲಿ ಅರ್ಧವನ್ನು ತಿಂಗಳಿಗಿಷ್ಟರಂತೆ ಮತ್ತೆ ಪೇಟೆಗೆ ಹಾಕಿದರು. ಈ ಸಲ ಮಾರ್ಲಿಸ್‌ಳ ಹೆಸರೂ ಸೇರಿತು. ಫೋನಿನಲ್ಲಿ ಮಾತಾಡುವವಳೂ ಅವಳೇ.

ಎರಡು ವರ್ಷದ ಮೇಲೆ, ಆಗಸ್ಟಿನಲ್ಲಿ, ಪೇಟೆ ಮತ್ತೆ ಧಡ್ಡನೆ ಬಿತ್ತು. ಎಲ್ಡನ್ ಅಂಗಡಿಯಿಂದ ಬಂದವನು ಅಡುಗೆಮನೆಯ ಬಾಗಿಲಲ್ಲಿ ನಿಂತ.

"ಮಾರ್ಲಿಸ್, ನಂಗೆ ಭಯ ಆಗ್ತಿದೆ."

ಎಷ್ಟೋ ವರ್ಷದ ಹಿಂದೆ ಹೇಳಬೇಕಿದ್ದ ಮಾತು. ಹೇಳುವಾಗ ಈಗಲೂ ಮುಖ ಬಿಸಿಯಾಯಿತು.

ಅವಳು ತಿರುಗಿ ನೋಡಿ ಕುರ್ಚಿಯೊಂದನ್ನು ಕಾಲಿನಿಂದ ಅವನತ್ತ ತಳ್ಳಿದಳು. "ನಂಗೂ ಆಗ್ತಿದೆ. ಕೂತ್ಕೋ. ಈ ಆಲೂಗಡ್ಡೆ ಸಿಪ್ಪೆ ತೆಗಿ."