ಹಸಿ ಗಾಡಿ, ಒಣ ಗಾಡಿ

ಹತ್ತು ಹಸು ಕಟ್ಟಿದ ಮನೆಯಲ್ಲಿ ಹಾಲು ಒಂದು ದಿನ ಹೆಚ್ಚುಕಡಿಮೆ ಆದೀತು, ಸಗಣಿ ಮಾತ್ರ ಕಡಿಮೆ ಆಗುವುದಿಲ್ಲ. ಬೆಳಿಗ್ಗೆ ಎತ್ತಿದರೆ ಸಂಜೆಗೆ ಮತ್ತೆ ಅಷ್ಟೇ. ಮನೆಯಲ್ಲಿ ಒಬ್ಬರು ಮೂರು ದಿನ ಜ್ವರ ಬಂದು ಮಲಗಿದರೆ ಸಾಕು, ಕೊಟ್ಟಿಗೆಯೊಳಗೆ ಕಾಲಿಡುವ ಹಾಗಿರುವುದಿಲ್ಲ. ಹಸು ಸಾಕಿದವರಿಗೆಲ್ಲ ಗೊತ್ತಿರುವ ಪಾಡು ಇದು.

ಈ ಮನೆಯಲ್ಲಿ ಗಂಡ ಹೆಂಡತಿ ಆ ಕೆಲಸವನ್ನು ಹಂಚಿಕೊಂಡಿದ್ದರು. ಮನೆಯಲ್ಲಿದ್ದದ್ದು ಒಂಟಿ ಚಕ್ರದ ಒಂದೇ ತಳ್ಳುಗಾಡಿ. ಮರ ಕೊಯ್ಯುವ ಮಿಲ್ಲಿನಿಂದ ತಂದ ಒಣ ಹೊಟ್ಟನ್ನು ಅದರಲ್ಲಿ ತುಂಬಿ ಒಳಗೆ ತಂದು ಹಸುಗಳ ಕೆಳಗೆ ಹಾಸುವುದು ಗಂಡನ ಪಾಲು. ಹಸಿ ಸಗಣಿಯನ್ನು ಅದೇ ಗಾಡಿಗೆ ತುಂಬಿ, ಕೊಟ್ಟಿಗೆಯ ಹಿಂದಿನ ಏರು ಹತ್ತಿಸಿ ತಿಪ್ಪೆಗೆ ಸುರಿಯುವುದು ಹೆಂಡತಿಯ ಪಾಲು. ಹೀಗೆ ಹಂಚಿದವರು ಯಾರೆಂದು ಇಬ್ಬರಿಗೂ ನೆನಪಿಲ್ಲ. ಮದುವೆಯಾದ ವರ್ಷ ಹೇಗೋ ಶುರುವಾಯಿತು, ಹನ್ನೊಂದು ವರ್ಷ ಹಾಗೆಯೇ ನಡೆಯಿತು.

ಗಂಡನನ್ನು ಬೀದಿಯವರು ಇನ್ನೊಂಚೂರಪ್ಪ ಎಂದು ಕರೆಯುತ್ತಿದ್ದರು. ಚಹಾಕ್ಕೆ ಇನ್ನೊಂಚೂರು ಸಕ್ಕರೆ, ಗೋಡೆಗೆ ಇನ್ನೊಂಚೂರು ಎತ್ತರ, ಗಾಡಿಗೆ ಇನ್ನೊಂಚೂರು ಹೊಟ್ಟು. ಯಾವುದನ್ನೂ ಮಟ್ಟಕ್ಕೆ ತುಂಬಿ ನಿಲ್ಲಿಸಿದ ಆಸಾಮಿಯಲ್ಲ. ಮನಸ್ಸು ಮಾತ್ರ ಒಳ್ಳೆಯದು. ಹೆಂಡತಿ ಸೊಂಟ ಹಿಡಿದುಕೊಂಡು ಏಳುವುದನ್ನು ಕಂಡು, ಮುಂದೆ ಸಗಣಿ ಬಾಚಿ ಎತ್ತುವ ಬಕೆಟ್ಟಿನ ಲೋಡರ್ ಇರುವ ಒಂದು ಪುಟ್ಟ ಟ್ರ್ಯಾಕ್ಟರು ತರೋಣ ಎಂದು ಹೊರಟವನು ಅವನೇ.

ಆದರೆ ಓಡಿಸಬೇಕಾದವಳು ಹೆಂಡತಿ. ಒಮ್ಮೆ ಏಣಿಯಿಂದ ಬಿದ್ದಾಗಿನಿಂದ ಅವನ ಎಡ ಮೊಣಕಾಲು ಸರಿಯಾಗಿ ಮಡಚುತ್ತಿರಲಿಲ್ಲ. ನಡೆಯಲು ಅಡ್ಡಿಯಿಲ್ಲ, ಕ್ಲಚ್ ತುಳಿಯಲು ಆಗದು. ಅವಳು ಹದಿನೈದು ದಿನ ಖಾಲಿ ಬಯಲಿನಲ್ಲಿ ಕಲಿತು ಬಂದಿದ್ದಳು.

ಟ್ರ್ಯಾಕ್ಟರ್ ಮಾರುವವನು ಫೋನ್ ಮಾಡಿ, ಟೈರು ಅಗಲದ್ದೋ ಕಿರಿದೋ, ಬಕೆಟ್ ದೊಡ್ಡದೋ ಸಣ್ಣದೋ, ಶನಿವಾರ ಸಂಜೆಯೊಳಗೆ ಹೇಳಿಬಿಡಿ, ಯಾವುದಾದರೂ ಬೆಲೆ ಒಂದೇ ಎಂದ. ಬೆಲೆ ಒಂದೇ ಎಂಬ ಮಾತು ಕಿವಿಗೆ ಬಿದ್ದ ಮೇಲೆ ಗಂಡನಿಗೆ ಯೋಚಿಸಲು ಏನೂ ಉಳಿಯಲಿಲ್ಲ. ಎರಡೂ ದೊಡ್ಡದೇ ಎಂದು ಮನಸ್ಸಿನಲ್ಲೇ ತೀರ್ಮಾನ ಮಾಡಿಬಿಟ್ಟ.

ಹೆಂಡತಿ ಮಾತ್ರ ಟೈರಕ್ಕನನ್ನು ಒಂದು ಮಾತು ಕೇಳೋಣ ಎಂದಳು. ಟೈರಕ್ಕ ಎಂದರೆ ಕೂಡುರಸ್ತೆಯಲ್ಲಿ ಪಂಕ್ಚರ್ ಅಂಗಡಿ ಇಟ್ಟ ಹೆಂಗಸು. ಇಪ್ಪತ್ತೆರಡು ವರ್ಷದಿಂದ ಟ್ರ್ಯಾಕ್ಟರ್ ಟೈರುಗಳನ್ನು ಬಿಚ್ಚಿ ಹಾಕಿದವಳು. ಟೈರು ಯಾವ ಮಗ್ಗುಲಲ್ಲಿ ಸವೆದಿದೆ ಎಂದು ನೋಡಿಯೇ ಅದನ್ನು ಓಡಿಸುವವನ ಗುಣ ಹೇಳುತ್ತಿದ್ದಳು. ಪಂಕ್ಚರ್ ಹಾಕುವವಳಿಗೆ ಬಕೆಟ್ ವಿಷಯ ಏನು ಗೊತ್ತು ಎಂದು ಗಂಡ ಗೊಣಗಿದ. ಆದರೆ ಶನಿವಾರ ಬೆಳಿಗ್ಗೆ ತಳ್ಳುಗಾಡಿಯ ಚಕ್ರವೇ ಪಂಕ್ಚರ್ ಆಗಿ, ಅವಳನ್ನು ಅವನೇ ಹೋಗಿ ಕರೆತರಬೇಕಾಯಿತು.

ಅವಳು ಚಕ್ರಕ್ಕೆ ತೇಪೆ ಹಾಕುತ್ತಾ ಕುಳಿತಳು. ಅವನು ಎದುರಿಗೆ ನಿಂತು ತನ್ನ ಲೆಕ್ಕವನ್ನೆಲ್ಲ ಒಪ್ಪಿಸಿದ. ದೊಡ್ಡ ಬಕೆಟ್ಟಿಗೆ ಈ ಗಾಡಿಯಲ್ಲಿ ಆರು ಗಾಡಿ ಹಿಡಿಯುತ್ತದೆ, ಸಣ್ಣದಕ್ಕೆ ಮೂರೇ. ಆರು ಹಿಡಿಯುವಲ್ಲಿ ಮೂರು ಯಾಕೆ? ಇನ್ನು ಅಗಲ ಟೈರು ನೆಲದ ಮೇಲೆ ಗಟ್ಟಿಯಾಗಿ ಕೂರುತ್ತದೆ, ಕೆಸರಲ್ಲಿ ಹೂತುಹೋಗುವುದಿಲ್ಲ.

ಅಗಲ ಟೈರಿನ ಮಾತು ಸುಳ್ಳಲ್ಲ ಎಂದು ಟೈರಕ್ಕ ಒಪ್ಪಿಕೊಂಡಳು. ಬರೀ ಹುಲ್ಲುಗಾವಲು ಇದ್ದವರಿಗೆ, ಮೆತ್ತನೆ ನೆಲದವರಿಗೆ ತಾನೇ ಅದನ್ನು ಹಾಕಿಕೊಟ್ಟಿದ್ದೇನೆ ಎಂದಳು. ಆಮೇಲೆ ತಲೆ ಎತ್ತಿ ಕೇಳಿದಳು.

"ಆರು ಗಾಡಿ ಅಂದ್ರಲ್ಲ ಅಣ್ಣ, ಯಾರ ಗಾಡಿ? ನಿಮ್ಮದಾ, ತಂಗೀದಾ?"

"ಇರೋದೇ ಒಂದು ಗಾಡಿ. ನಂದೇನು, ಅವಳದೇನು?"

ಹಾಲಿನ ಕ್ಯಾನು ತೊಳೆಯುತ್ತಿದ್ದ ಹೆಂಡತಿ ಕೈ ನಿಲ್ಲಿಸಿದಳು.

"ಚಕ್ರ ಸರಿಯಾಯ್ತು," ಎಂದು ಟೈರಕ್ಕ ಎದ್ದಳು. "ಇವತ್ತು ತಂಗಿ ಗಾಡಿ ನೀವೇ ತಳ್ಳಿ. ಬರೀ ಒಂದು ಸಲ."

ಅದೇನು ಮಹಾ ಎಂದು ಅವನು ಸಲಿಕೆ ತೆಗೆದುಕೊಂಡ. ಅಭ್ಯಾಸಬಲ, ಸಗಣಿಯನ್ನೂ ಹೊಟ್ಟು ತುಂಬುವ ಹಾಗೆಯೇ ಗೋಪುರ ಕಟ್ಟಿ, ಮೇಲೆ ಸಲಿಕೆಯಿಂದ ತಟ್ಟಿದ. ಹಿಡಿ ಎತ್ತಿದಾಗಲೇ ಮುಖ ಬದಲಾಯಿತು. ಆದರೂ ಬಿಡಲಿಲ್ಲ. ಬಾಗಿಲು ದಾಟಿದ, ಹಿಂದಿನ ಏರಿಗೆ ಬಂದ. ನಾಲ್ಕು ಹೆಜ್ಜೆ ಹತ್ತುವಷ್ಟರಲ್ಲಿ ಚಕ್ರ ಒಂದು ಸಣ್ಣ ಕಲ್ಲಿಗೆ ತಾಗಿತು. ಗಾಡಿ ಎಡಕ್ಕೆ ವಾಲಿತು. ವಾಲಿದ ಗಾಡಿಯನ್ನು ಹಿಡಿದು ನಿಲ್ಲಿಸಲು ಅವನ ಎರಡೂ ತೋಳಿಗೆ ಆಗಲಿಲ್ಲ. ಸಗಣಿಯೆಲ್ಲ ಅವನ ಕಾಲಿನ ಮೇಲೇ ಬಿತ್ತು.

ಜಗಲಿಯಲ್ಲಿ ಕುಳಿತಿದ್ದ ಅವನ ಅಮ್ಮ, "ಬುಡಕ್ಕೆ ಗೊಬ್ಬರ ಬಿತ್ತು, ಈ ವಯಸ್ಸಲ್ಲಿ ಇನ್ನು ಚಿಗುರ್ತಾನೋ ಏನೋ," ಎಂದಳು.

ಎಲ್ಲರೂ ನಕ್ಕರು. ಅವನು ನಗಲಿಲ್ಲ. ಹೆಂಡತಿಯ ಕಡೆ ತಿರುಗಿದ.

"ಇಂಥದ್ದು ದಿನಕ್ಕೆ ಎಷ್ಟು?"

"ಬೆಳಿಗ್ಗೆ ಮೂರು, ಸಂಜೆ ಮೂರು. ನಿಮ್ಮ ಥರ ತುಂಬಲ್ಲ ರೀ ನಾನು. ಮಟ್ಟಕ್ಕೆ ತುಂಬ್ತೀನಿ."

ಹನ್ನೊಂದು ವರ್ಷ ಒಂದೇ ಗಾಡಿಯ ಹಿಡಿ ಹಿಡಿದಿದ್ದರೂ ಅವನಿಗೆ ಅದರ ಅರ್ಧ ಸಂಗತಿ ಗೊತ್ತೇ ಇರಲಿಲ್ಲ. ನಲ್ಲಿಯ ಬಳಿ ಕಾಲು ತೊಳೆಯುವಾಗ ಅವನಿಗೆ ಅನ್ನಿಸಿದ್ದು ಅದು.

ಹಸುವಿನ ಹಿಂಡಿ ತೂಗುವ ತಕ್ಕಡಿ ಕೊಟ್ಟಿಗೆಯಲ್ಲೇ ಇತ್ತು. ಟೈರಕ್ಕ ಮಟ್ಟಕ್ಕೆ ತುಂಬಿದ ಒಂದು ಗಾಡಿ ಹೊಟ್ಟನ್ನು ಚೀಲಕ್ಕೆ ಹಾಕಿಸಿ ತೂಗಿಸಿದಳು. ಹನ್ನೆರಡು ಕಿಲೋ. ಅಷ್ಟೇ ಗಾಡಿ ಹಸಿ ಸಗಣಿಯನ್ನು ಎರಡು ಮೂರು ಸಲ ತೂಗಿ ಕೂಡಿಸಿದರು. ಅರವತ್ತು ಕಿಲೋ.

ಆಮೇಲೆ ಟ್ರ್ಯಾಕ್ಟರಿನವನು ಕೊಟ್ಟ ಕಾಗದ ತರಿಸಿದಳು. ಆ ಲೋಡರ್ ಎತ್ತುವುದು ಬಕೆಟ್ಟಿನ ಭಾರವೂ ಸೇರಿ ಮುನ್ನೂರು ಕಿಲೋ ಎಂದು ಅದರಲ್ಲಿ ಬರೆದಿತ್ತು. ದೊಡ್ಡ ಬಕೆಟ್ಟಿನ ಕಬ್ಬಿಣವೇ ನೂರ ಹತ್ತು ಕಿಲೋ. ಅದರೊಳಗೆ ಆರು ಗಾಡಿ ಸಗಣಿ ಎಂದರೆ ಮುನ್ನೂರ ಅರವತ್ತು, ಎರಡೂ ಸೇರಿ ನಾನೂರ ಎಪ್ಪತ್ತು. ಸಣ್ಣ ಬಕೆಟ್ ಎಂಬತ್ತು ಕಿಲೋ, ಮೂರು ಗಾಡಿ ಸಗಣಿ ನೂರ ಎಂಬತ್ತು, ಸೇರಿ ಇನ್ನೂರ ಅರವತ್ತು. ಅದು ಕಾಗದದ ಮಾತಿನೊಳಗೇ ನಿಲ್ಲುತ್ತದೆ.

"ಎತ್ತಕ್ಕಾಗದಿದ್ರೆ ಎತ್ತಲ್ಲ, ಅಷ್ಟೇ ತಾನೆ?" ಎಂದ ಗಂಡ.

"ಅಷ್ಟೇ ಆಗಿದ್ರೆ ನಾನು ಬಾಯಿ ಬಿಡ್ತಿರಲಿಲ್ಲ ಅಣ್ಣ. ಮುಂದೆ ಭಾರ ಜಾಸ್ತಿ ಆದ್ರೆ ಹಿಂದಿನ ಚಕ್ರ ಹಗುರ ಆಗುತ್ತೆ. ಇಂಥ ಟ್ರ್ಯಾಕ್ಟರಲ್ಲಿ ಬ್ರೇಕು ಹಿಡಿಯೋದೇ ಹಿಂದಿನ ಚಕ್ರ. ಈ ಇಳಿಜಾರಲ್ಲಿ ಹಿಂದಿನ ಚಕ್ರ ಎದ್ದರೆ ಬ್ರೇಕು ತುಳಿದ್ರೂ ಗಾಡಿ ನಿಲ್ಲಲ್ಲ. ಬಕೆಟ್ ಮೇಲಿದ್ದಾಗ ಒಂದು ಚಕ್ರ ಗುಣಿಗೆ ಇಳಿದ್ರೆ ಮಗುಚೇ ಬಿಡುತ್ತೆ. ಈಗ ನಿಮ್ಮ ಕೈಯಲ್ಲಿ ವಾಲಿದ್ದು ತಳ್ಳುಗಾಡಿ. ಅದರ ಮೇಲೆ ಯಾರೂ ಕೂತಿರಲಿಲ್ಲ."

ಅವನು ಏರಿನ ಕಡೆ ನೋಡಿದ. ದಿನವೂ ಕಾಣುವ ಏರು, ಎಂದೂ ಅಷ್ಟು ಕಡಿದಾಗಿ ಕಂಡಿರಲಿಲ್ಲ.

ಆದರೂ ಹುಟ್ಟುಗುಣ. ದೊಡ್ಡ ಬಕೆಟ್ ತಂದು ಅರ್ಧ ತುಂಬಿದರಾಯಿತಲ್ಲ ಎಂದು ಒಂದು ಮಾತು ತೇಲಿಬಿಟ್ಟ. ಅಮ್ಮ, ಹೆಂಡತಿ, ಟೈರಕ್ಕ ಮೂವರೂ ಅವನನ್ನೇ ನೋಡಿದರು. ಅವನು ಯಾವುದನ್ನು ಎಂದು ಅರ್ಧ ತುಂಬಿದ್ದ? ಅವನಿಗೇ ನಾಚಿಕೆಯಾಗಿ ತಲೆ ಕೆರೆದುಕೊಂಡ. ಸಗಣಿಯ ರಾಶಿಗೆ ಬಕೆಟ್ ನುಗ್ಗಿಸಿದರೆ ಅದು ತುಂಬಿಯೇ ಬರುತ್ತದೆ, ಅವಸರದಲ್ಲಿ ಯಾರೂ ಅರ್ಧ ಸುರಿದು ಹೊರಡುವುದಿಲ್ಲ ಎಂದು ಟೈರಕ್ಕ ತಿಳಿಸಿ ಹೇಳಿದಳು. ಖಾಲಿ ಬಕೆಟ್ಟಿನ ಭಾರವಂತೂ ಹೇಗೂ ಹೊರಲೇಬೇಕು.

ಟೈರಿನ ವಿಷಯಕ್ಕೆ ಅವಳು ಹಗ್ಗ ಕೇಳಿದಳು. ಕೊಟ್ಟಿಗೆಯ ಬಾಗಿಲು ಅಳೆದರೆ ಐದೂವರೆ ಅಡಿ. ಕಾಗದದ ಪ್ರಕಾರ ಅಗಲ ಟೈರು ಹಾಕಿದರೆ ಟ್ರ್ಯಾಕ್ಟರಿನ ಒಟ್ಟು ಅಗಲ ಐದು ಅಡಿ ಎರಡು ಇಂಚು. ಬಕೆಟ್ ಟೈರಿಗಿಂತ ಸ್ವಲ್ಪವಾದರೂ ಅಗಲ ಇರಲೇಬೇಕು, ಇಲ್ಲದಿದ್ದರೆ ಬಾಚದೆ ಬಿಟ್ಟ ಸಗಣಿಯ ಮೇಲೇ ಚಕ್ರ ಹತ್ತಿ ಜಾರುತ್ತದೆ. ಹಾಗಾಗಿ ಬಕೆಟ್ ಐದು ಅಡಿ ನಾಲ್ಕು ಇಂಚು. ಬಾಗಿಲಲ್ಲಿ ಅತ್ತ ಒಂದು ಇಂಚು, ಇತ್ತ ಒಂದು ಇಂಚು.

"ದಿನಾ ಎರಡು ಹೊತ್ತು ದಾರಂದಕ್ಕೆ ಮುತ್ತು ಕೊಡ್ತಾ ಹೋಗ್ಬೇಕಾಗುತ್ತೆ," ಎಂದಳು ಹೆಂಡತಿ.

ಟೈರು ಅಗಲವಾದರೆ ಬಕೆಟ್ಟೂ ಅಗಲವಾಗಬೇಕು, ಬಕೆಟ್ ಅಗಲವಾದರೆ ಭಾರವೂ ಹೆಚ್ಚುತ್ತದೆ. ಒಂದು ಇನ್ನೊಂದನ್ನು ಎಳೆದುಕೊಂಡೇ ಬರುತ್ತದೆ ಎಂಬುದು ಅವನಿಗೆ ಆಗ ತಿಳಿಯಿತು. ಕಿರಿದಾದ ಟೈರಿಗೆ ಒಟ್ಟು ಅಗಲ ನಾಲ್ಕು ಅಡಿ ನಾಲ್ಕು ಇಂಚು, ಬಕೆಟ್ ನಾಲ್ಕೂವರೆ ಅಡಿ. ಎರಡೂ ಕಡೆ ಆರಾರು ಇಂಚು ಬಿಡುವು.

ತಿಪ್ಪೆಯ ಗೊಬ್ಬರ ಹೊತ್ತು ಅವರ ಹೊಲಕ್ಕೂ ಹೋಗಬೇಕು, ಅಲ್ಲಿ ತರಕಾರಿ ಮಡಿಗಳ ನಡುವಿನ ದಾರಿ ಒಂದು ಅಡಿ. ಕಿರಿದಾದ ಟೈರು ಎಂಟು ಇಂಚು, ಆರಾಮಾಗಿ ಹೋಗುತ್ತದೆ. ಅಗಲದ್ದು ಹದಿನಾಲ್ಕು ಇಂಚು. ಅದು ಎರಡೂ ಕಡೆ ಮಡಿಯ ಅಂಚು ತುಳಿದು, ಮೆತ್ತಗೆ ಮಾಡಿದ ಮಣ್ಣನ್ನು ಮತ್ತೆ ಅದುಮುತ್ತದೆ.

ಹಾಗೆಂದು ಟೈರಕ್ಕ ಕಿರಿದಾದ ಟೈರನ್ನು ಹೊಗಳಿ ಅಟ್ಟಕ್ಕೇರಿಸಲಿಲ್ಲ. ಮಳೆಯಲ್ಲಿ ನೆಲ ನೆನೆದ ದಿನ ಅದು ಹೂತುಕೊಳ್ಳುತ್ತದೆ, ಆ ದಿನ ಭಾರ ಹೊತ್ತು ಹೊಲಕ್ಕೆ ಇಳಿಸಬೇಡಿ ಎಂದಳು. ಬಕೆಟ್ಟಿನ ಭಾರವೆಲ್ಲ ಮುಂದಿನ ಟೈರಿನ ಮೇಲೆ ಬೀಳುವುದರಿಂದ, ಎಷ್ಟು ಭಾರ ಹೊರುತ್ತದೆ, ಎಷ್ಟು ಗಾಳಿ ಬೇಕು ಎಂದು ಟೈರಿನ ಮೇಲೆ ಬರೆದದ್ದನ್ನು ಓದಿಸಿಕೊಳ್ಳಬೇಕು. ಇಂಥ ನಾಲ್ಕು ಚಕ್ರವೂ ಎಳೆಯುವ ಗಾಡಿಗೆ ಮುಂದಿನದು ಹಿಂದಿನದು ಜೋಡಿಯಾಗಿಯೇ ಬದಲಾಯಿಸಬೇಕು, ಬರೀ ಹಿಂದಿನದನ್ನು ಬದಲಿಸಿದರೆ ಗೇರಿಗೆ ಪೆಟ್ಟು. ಕೊನೆಗೆ ತಂಗಿಯ ಕಡೆ ತಿರುಗಿ ಒಂದೊಂದಾಗಿ ಹೇಳಿದಳು.

"ಹಿಂದಿನ ಚಕ್ರ ಒತ್ತಿ ಹಿಡಿಯೋಕೆ ಕಲ್ಲು ತುಂಬಿದ ಭಾರದ ಪೆಟ್ಟಿಗೆ ಹಿಂದೆ ಕಟ್ಟದೆ ಲೋಡರ್ ಮುಟ್ಟಬೇಡ. ಹೋಗುವಾಗ ಬಕೆಟ್ ನೆಲಕ್ಕೆ ಹತ್ತಿರ ಇರಲಿ. ತುಂಬಿದ ಬಕೆಟ್ ಯಾವಾಗಲೂ ಏರಿನ ಕಡೆಗೇ ಇರಬೇಕು. ಹತ್ತುವಾಗ ಮುಂದಕ್ಕೆ ಹತ್ತು, ಇಳಿಯುವಾಗ ಹಿಂದೆ ಹಿಂದೆ ಇಳಿ. ಇಳಿಜಾರಿಗೆ ಅಡ್ಡಡ್ಡ ಹೋಗಲೇಬೇಡ. ತಲೆ ಮೇಲೆ ಕಬ್ಬಿಣದ ಕಮಾನು ಇರುತ್ತಲ್ಲ, ಅದನ್ನ ಬಿಚ್ಚಿಡಬೇಡ, ಬೆಲ್ಟ್ ಹಾಕ್ಕೋ."

ಸಂಜೆ ಗಂಡ ತಾನೇ ಫೋನ್ ಮಾಡಿದ. ಅದೇ ಬೆಲೆಗೆ ದೊಡ್ಡದು ಸಿಗುವಾಗ ಸಣ್ಣದು ಯಾಕೆ ಎಂದು ಮಾರುವವನು ನಕ್ಕ.

"ಕೂರೋದು ನನ್ನ ಹೆಂಡತಿ ಕಣಪ್ಪ," ಎಂದ ಅವನು. "ಕಿರಿದಾದ ಟೈರು, ನಾಲ್ಕೂವರೆ ಅಡಿ ಬಕೆಟ್, ಹಿಂದಿನ ಭಾರದ ಪೆಟ್ಟಿಗೆ. ಬರ್ಕೋ. ಉಳಿದದ್ದು ಏನಾದ್ರೂ ಇದ್ರೆ ಅವಳನ್ನೇ ಕೇಳು." ಫೋನನ್ನು ಹೆಂಡತಿಯ ಕೈಗೆ ಕೊಟ್ಟ.

ಟ್ರ್ಯಾಕ್ಟರು ಬರಲು ಎಂಟು ದಿನ ಹಿಡಿಯಿತು. ಆ ಎಂಟು ದಿನವೂ ಹಸಿ ಗಾಡಿ ಅವನೇ ತಳ್ಳಿದ, ಮಟ್ಟಕ್ಕಿಂತ ಕೆಳಗೇ ತುಂಬಿ. ಬಂದ ದಿನ ಹೆಂಡತಿ ಬೆಲ್ಟ್ ಹಾಕಿಕೊಂಡು, ಬಕೆಟ್ ನೆಲದಿಂದ ಗೇಣು ಎತ್ತರದಲ್ಲಿಟ್ಟು ಬಾಗಿಲು ದಾಟಿದಳು. ಏರು ಹತ್ತಿ, ಸುರಿದು, ಹಿಂದೆ ಹಿಂದೆ ಇಳಿದು ಬಂದಳು. ಅವನು ದೂರದಲ್ಲಿ ನಿಂತು ಹಿಂದಿನ ಎರಡು ಚಕ್ರಗಳನ್ನೇ ನೋಡುತ್ತಿದ್ದ. ಎರಡೂ ನೆಲ ಕಚ್ಚಿಕೊಂಡೇ ಇದ್ದವು. ಒಂದೇ ಸುತ್ತಿಗೆ ಕೊಟ್ಟಿಗೆ ಖಾಲಿಯಾಯಿತು.

ಇದನ್ನು ಓದುತ್ತಿರುವ, ಕೇಳುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಗೂ ಇಂಥ ಪುಟ್ಟ ಟ್ರ್ಯಾಕ್ಟರು ಬರುವುದಿದ್ದರೆ ಅಂಗಡಿಗೆ ಹೋಗುವ ಮೊದಲು ಒಂದು ಹಗ್ಗ ಹಿಡಿದು ನಿಮ್ಮ ಬಾಗಿಲು, ನಿಮ್ಮ ದಾರಿ ಅಳೆಯಿರಿ. ನೀವು ಎತ್ತುವ ಸಾಮಾನಿನಲ್ಲಿ ಎಲ್ಲಕ್ಕಿಂತ ಭಾರವಾದದ್ದು, ಎಲ್ಲಕ್ಕಿಂತ ಹಸಿಯಾದದ್ದು ಯಾವುದೋ ಅದನ್ನು ತೂಗಿ ನೋಡಿ. ಲೋಡರಿನ ಕಾಗದವನ್ನು ಓದಿ, ಓದಲು ಬಾರದಿದ್ದರೆ ಓದಿಸಿ ಕೇಳಿ. ಹೊಲ ನಿಮ್ಮದು, ಪಕ್ಕದವರಿಗೆ ಒಪ್ಪಿದ ಟೈರು ನಿಮಗೆ ಒಪ್ಪಬೇಕೆಂದಿಲ್ಲ. ಎಲ್ಲಕ್ಕಿಂತ ಮೊದಲು, ಆ ಸೀಟಿನಲ್ಲಿ ದಿನಾ ಕೂರುವವರು ಯಾರೋ ಅವರನ್ನು ಪಕ್ಕಕ್ಕೆ ಕೂರಿಸಿಕೊಂಡು ಕೇಳಿ. ಬೆಳಿಗ್ಗೆ ಕೆಲಸಕ್ಕೆ ಹೋದವರು ಸಂಜೆ ನಡೆದುಕೊಂಡೇ ಮನೆಗೆ ಬರಬೇಕು. ಅದಕ್ಕಿಂತ ದೊಡ್ಡ ಅಳತೆ ಯಾವ ಬಕೆಟ್ಟಿಗೂ ಇಲ್ಲ.